ಮೂಟೆಗಂಟು

"ಉದ್ದಕ್ಕ ಅಂದ್ರೆ ಯಾರೇ?" ಎಂದು ಅತ್ತೆ ಕೇಳಿದರು.

ಲೋಟ ತೊಳೆಯುತ್ತಿದ್ದವಳು ತಿರುಗಿ ನೋಡಿದಳು. ಅತ್ತೆ ಬಾಗಿಲ ಪಕ್ಕದ ಕುರ್ಚಿಯಲ್ಲಿ, ಬೆಳಗಿನ ಬಿಸಿಲು ಬೀಳುವ ಜಾಗದಲ್ಲಿ ಕಾಲು ಮಡಚಿ ಕೂತಿದ್ದರು. ಕಿವಿ ಪೂರ್ತಿ ಹೋದ ಮೇಲೆ ಅವರ ಕಣ್ಣಿಗೆ ಬೇರೆಯವರ ಮನೆಯೊಳಗೆ ಇಣುಕುವವರ ಚುರುಕು ಬಂದಿತ್ತು. "ನಾನೇನೂ ಅನ್ಲಿಲ್ವಲ್ಲ ಅತ್ತೆ" ಎಂದಳು, ಅವರಿಗೆ ತಿಳಿಯಲೆಂದು ತುಟಿಗಳನ್ನು ಅಗಲಿಸಿ. "ಅಂದೆ ಕಣೇ. ನಿನ್ನೆ ಸಂಜೆಯಿಂದ ಅದೊಂದನ್ನೇ ಅಂತಿದ್ದೀಯ. ಪಾತ್ರೆ ತಿಕ್ಕೋವಾಗ ಅಂದೆ, ತಲೆ ಬಾಚ್ಕೊಳ್ಳೋವಾಗ ಅಂದೆ, ಈಗ್ಲೂ ಅಂದೆ. ಗಂಟಲಿಂದಲ್ಲ, ತುಟೀಲಿ. ನನ್ನ ಕಿವಿ ಹೋಗಿರಬಹುದು, ಕಣ್ಣು ಹೋಗಿಲ್ಲ." ಒಳಕೋಣೆಯಲ್ಲಿ ಬೆನ್ನು ಹಿಡಿದು ಮಲಗಿದ್ದ ಗಂಡ ನಕ್ಕ ಸದ್ದು ಕೇಳಿತು. ಅತ್ತೆಗೆ ಬೇರೆ ಯಾರ ತುಟಿಯೂ ಅಷ್ಟು ತಿಳಿಯುವುದಿಲ್ಲ, ಸೊಸೆಯದು ಮಾತ್ರ ಪಾಠದ ಪುಸ್ತಕದಷ್ಟು ಸ್ಪಷ್ಟ ಎಂಬುದು ಮನೆಯ ಹಳೆಯ ತಮಾಷೆ. ಅವಳಿಗೆ ನಗು ಬರಲಿಲ್ಲ. ತೊಳೆದ ಲೋಟವನ್ನೇ ಮತ್ತೆ ತೊಳೆದಳು.

ಯಾಕೆಂದರೆ ನಿನ್ನೆ ಕೆಲಸದ ಷೆಡ್ಡಿನ ಮೂಲೆಯ ಗಾಜಿನ ಕೋಣೆಯಲ್ಲಿ ಅವಳು ಏನೂ ಹೇಳಿರಲಿಲ್ಲ. ಅದೊಂದೇ ಅವಳಿಗಿದ್ದ ಸಮಾಧಾನ. ಮೇಲ್ವಿಚಾರಕ ಅವಳನ್ನು ಕರೆಸಿ, ಕುರ್ಚಿ ಕೊಟ್ಟು, ಟೀ ತರಿಸಿ, "ಯೂನಿಯನ್ ಅಂತ ಓಡಾಡ್ತಿರೋರಲ್ಲಿ ಮುಂದೆ ಇರೋರು ಯಾರಮ್ಮ? ಒಂದು ಹೆಸರು ಹೇಳಿಬಿಡು" ಎಂದು ಕೇಳಿದಾಗ ಅವಳು ಟೀ ಲೋಟದ ಅಂಚನ್ನೇ ನೋಡುತ್ತ ಕೂತಿದ್ದಳು. ಹೇಳುವುದಿಲ್ಲ ಎನ್ನುವ ಧೈರ್ಯವೂ ಇರಲಿಲ್ಲ, ಹೇಳುವ ಎದೆಯೂ ಇರಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಬಾಯಿ ಮುಚ್ಚಿಕೊಂಡಿದ್ದಳು. ಮುಚ್ಚಿಕೊಂಡಿದ್ದೆ ಎಂದುಕೊಂಡಿದ್ದಳು. ಈಗ ಅತ್ತೆ ಹೀಗನ್ನುತ್ತಾರೆ. ಆಸ್ಪತ್ರೆಗಳ ಬೆಡ್‌ಶೀಟು ಒಗೆದು ಇಸ್ತ್ರಿ ಮಾಡುವ ಆ ಷೆಡ್ಡಿನಲ್ಲಿ ಇಸ್ತ್ರಿಯ ಬಿಸಿ ರೋಲರು ತಿರುಗತೊಡಗಿದರೆ ಪಕ್ಕದವರು ಕೂಗಿದರೂ ಕೇಳಿಸದು, ಹಾಗಾಗಿ ಅಲ್ಲಿ ಎಲ್ಲರೂ ತುಟಿಯಲ್ಲೇ ಮಾತಾಡುತ್ತಾರೆ. ಮಕ್ಕಳ ಜ್ವರ, ಗಂಡನ ಕುಡಿತ, ಪಕ್ಕದ ಬೀದಿಯವಳು ಓಡಿಹೋದದ್ದು, ಎಲ್ಲವೂ ದನಿಯಿಲ್ಲದೆ ಆ ತುದಿಯಿಂದ ಈ ತುದಿಗೆ ದಾಟುತ್ತದೆ. ವರ್ಷಗಟ್ಟಲೆ ಹಾಗೆ ಮಾತಾಡಿ ಅವಳಿಗೆ ಯೋಚಿಸುವುದಕ್ಕೂ ಮಾತಾಡುವುದಕ್ಕೂ ನಡುವಿನ ಬೇಲಿ ಬಿದ್ದುಹೋಗಿತ್ತು. ಮನಸ್ಸಿನಲ್ಲಿ ಬಂದದ್ದು ತಾನಾಗಿ ತುಟಿಗೆ ಬರುತ್ತಿತ್ತು. ಗಾಜಿನ ಕೋಣೆಯಲ್ಲಿ ಟೀ ಲೋಟ ನೋಡುತ್ತ ಕೂತಾಗ ಮನಸ್ಸಿನಲ್ಲಿ ಇದ್ದದ್ದು ಒಂದೇ ಹೆಸರು. ಆ ಮೇಲ್ವಿಚಾರಕನೋ, ಗರಿಗರಿ ಅಂಗಿಯ ಕಾರಣಕ್ಕೆ ಎಲ್ಲರೂ ಬೆನ್ನ ಹಿಂದೆ 'ಗರಿಗರಿ' ಎಂದೇ ಕರೆಯುವ ಆ ಮನುಷ್ಯ, ಮೇಲಕ್ಕೆ ಹೋಗುವ ಮುಂಚೆ ಅದೇ ರೋಲರಿನ ಮುಂದೆ ತಾರುಣ್ಯವನ್ನೆಲ್ಲ ಬೇಯಿಸಿಕೊಂಡವನು. ಅವನಿಗೂ ತುಟಿ ಓದಲು ಬರುತ್ತದೆ.

ಗಂಡನಿಗೆ ಕೊಟ್ಟ ಗಂಜಿಗೆ ಉಪ್ಪು ಹಾಕಿರಲಿಲ್ಲ. "ಏನಾಯ್ತು?" ಎಂದ. "ಏನಿಲ್ಲ." "ಯೂನಿಯನ್ ಗೀನಿಯನ್ ಅಂತ ಹೋಗ್ಬೇಡ ಅಂದಿದ್ದೆ. ನಮ್ ಕಾರ್ಖಾನೇಲಿ ಯೂನಿಯನ್ ಮಾಡಿ ಏನಾಯ್ತು? ಮುಖಂಡ ಮನೆ ಕಟ್ಟಿಸ್ಕೊಂಡ, ನಾವು ಬೀದಿಗೆ ಬಿದ್ವಿ." "ನಾನೆಲ್ಲಿ ಹೋದೆ?" ಎಂದಳು. ಅದು ನಿಜವೇ ಆಗಿತ್ತು. ಹಿಂದಿನ ವಾರ ಎಲ್ಲರೂ ಕೆಲಸ ಬಿಟ್ಟ ಮೇಲೆ ಬಸ್ ನಿಲ್ದಾಣದ ಹಿಂದೆ ಸೇರಿದಾಗ ಅವಳು ತಲೆನೋವೆಂದು ಹೇಳಿ ಮನೆಗೆ ಬಂದಿದ್ದಳು. ನಿಜವಾಗಿಯೂ ತಲೆ ನೋಯಲಿ ಎಂದು ದಾರಿಯುದ್ದಕ್ಕೂ ಹಾರೈಸಿದ್ದಳು. ಸುಳ್ಳಾದರೂ ಅದಕ್ಕೊಂದು ಮರ್ಯಾದೆ ಬೇಕಲ್ಲ.

ಬಸ್ಸಿನಲ್ಲಿ ಕಿಟಕಿಯ ಗಾಜಿನಲ್ಲಿ ತನ್ನ ಮುಖ ನೋಡಿಕೊಂಡಳು. ಮನಸ್ಸಿನಲ್ಲೇ 'ಸೊಪ್ಪು' ಎಂದುಕೊಂಡಳು, ತುಟಿ ಅಲ್ಲಾಡಿತೇ ಎಂದು ನೋಡಲು. ಅಲ್ಲಾಡಲಿಲ್ಲ. ಆದರೆ ನೋಡುತ್ತಿರುವಾಗ ಅಲ್ಲಾಡುವುದಿಲ್ಲ, ಮರೆತಾಗಲೇ ಅಲ್ಲಾಡುವುದು. ಎದುರು ಸೀಟಿನ ಮುದುಕ ಅವಳನ್ನೇ ನೋಡುತ್ತಿದ್ದ. ಅವನು ಏನು ಓದಿದನೋ ಎಂದು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ನಿನ್ನೆ ಗರಿಗರಿ ಎಲ್ಲಿದ್ದ? ಮೇಜಿನ ಹಿಂದೆ ಕೂತಿದ್ದನೋ, ಎದ್ದು ಗಾಜಿನ ಕಡೆ ತಿರುಗಿದ್ದನೋ? ಎದ್ದಿದ್ದ ಎನಿಸಿತು. ಬೆನ್ನು ಕಂಡ ನೆನಪು, ಅಂಗಿಯ ಬೆನ್ನಿನ ಮಡಿಕೆಯ ಗೆರೆ ಕತ್ತಿಯಂತೆ ನೆಟ್ಟಗಿದ್ದ ನೆನಪು. ಬೆನ್ನು ತಿರುಗಿಸಿದ್ದರೆ ನೋಡಿಲ್ಲ. ಆದರೆ ಗಾಜಿನಲ್ಲಿ ಹಿಂದೆ ಕೂತವರ ಮುಖ ಕಾಣುವುದಿಲ್ಲವೇ, ಈಗ ಈ ಕಿಟಕಿಯಲ್ಲಿ ಮುದುಕನ ಮುಖ ಕಾಣುವ ಹಾಗೆ? ಪ್ಯಾಕಿಂಗ್ ಕೋಣೆಗೆ ಹಾಕುತ್ತೇನೆಂದು ಗರಿಗರಿ ಹೇಳಿದ್ದು ಅದಕ್ಕೆ ಮುಂಚೆಯೋ ಆಮೇಲೋ? "ಅಲ್ಲಿ ಕೂತು ಮಾಡೋ ಕೆಲಸ, ಹಬೆ ಇಲ್ಲ, ಫ್ಯಾನಿದೆ. ನಿನ್ನ ಕಾಲೂತ ನಾನು ನೋಡಿಲ್ಲ ಅನ್ಕೋಬೇಡ" ಎಂದಿದ್ದ. ಅವನು ತನ್ನ ಕಾಲುಗಳನ್ನು ಗಮನಿಸಿದ್ದಾನೆ ಎಂದು ಒಂದು ಗಳಿಗೆ ಅವಳಿಗೆ ಸಂತೋಷವೇ ಆಗಿತ್ತು. ಆ ಸಂತೋಷದ ನೆನಪು ಈಗ ಬಸ್ಸಿನ ನಡುವೆ ಅವಳ ಕಿವಿಯನ್ನು ಬಿಸಿ ಮಾಡಿತು.

ಉದ್ದಕ್ಕನನ್ನು ತೆಗೆದುಹಾಕಿದರೆ? ಈ ಪ್ರಶ್ನೆ ಇಳಿಯುವ ನಿಲ್ದಾಣ ಹತ್ತಿರವಾದಂತೆ ದೊಡ್ಡದಾಗುತ್ತ ಬಂತು. ಉದ್ದಕ್ಕ ಅವಳ ಜೋಡಿ. ಷೆಡ್ಡಿನಲ್ಲಿ ಎಲ್ಲರಿಗೂ ಒಬ್ಬೊಬ್ಬಳು ಜೋಡಿ ಇರುತ್ತಾಳೆ, ಬೆಡ್‌ಶೀಟಿಗೆ ಎರಡು ತುದಿ ಇರುವುದರಿಂದ. ಎಲ್ಲರಿಗಿಂತ ಎತ್ತರದವಳಿಗೆ ಎಲ್ಲರಿಗಿಂತ ಗಿಡ್ಡಿಯನ್ನು ಜೋಡಿ ಹಾಕಿದವನು ಯಾರೋ, ಮೊದಲ ದಿನವೇ ಷೆಡ್ಡು ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಒಂದು ತುದಿ ಆಕಾಶ, ಒಂದು ತುದಿ ಪಾತಾಳ. ಆದರೆ ಉದ್ದಕ್ಕ ಮೊಣಕಾಲು ಸ್ವಲ್ಪ ಬಗ್ಗಿಸಿ, ಇವಳು ಹಿಮ್ಮಡಿ ಎತ್ತಿ, ಎರಡೂ ತುದಿ ಸಮವಾಗಲು ಕಲಿತಿದ್ದವು. ಅಷ್ಟೇ ಆಗಿದ್ದರೆ ಅವಳು ಇಷ್ಟು ಹೆದರುತ್ತಿರಲಿಲ್ಲವೇನೋ. ಹಗ್ಗದ ಮಾತೂ ಇತ್ತು. ರೋಲರಿನ ಉದ್ದಕ್ಕೂ ಒಂದು ಕೆಂಪು ಹಗ್ಗವಿದೆ, ಎಳೆದರೆ ಯಂತ್ರ ನಿಲ್ಲುತ್ತದೆ. ಬಟ್ಟೆ ಸಿಕ್ಕಿಕೊಂಡಿತು, ಉಗುರು ಸೋಕಿತು ಎಂದು ಹೆಂಗಸರು ಮಾತೆತ್ತಿದರೆ ಎಳೆಯುತ್ತಾರೆ, ಕೆಲಸ ಕೆಡುತ್ತದೆ ಎಂದು ಮೇಲಿನವರು ಅದನ್ನು ಎತ್ತಿ ಸೂರಿನ ಕೊಳವೆಗೆ ಕಟ್ಟಿಸಿದರು. ಆಮೇಲೊಂದು ಮಧ್ಯಾಹ್ನ ದೊಡ್ಡಮ್ಮ ಎಂದು ಎಲ್ಲರೂ ಕರೆಯುತ್ತಿದ್ದ ಹೆಂಗಸಿನ ಕೈ ಬಟ್ಟೆಯ ಜೊತೆ ಒಳಗೆ ಹೋಯಿತು. ದೊಡ್ಡಮ್ಮ ಕಿರುಚಿದ್ದು ಯಾರಿಗೂ ಕೇಳಲಿಲ್ಲ, ಕಂಡಿತು. 'ನಿಲ್ಸಿ, ನಿಲ್ಸಿ' ಎನ್ನುವ ಆ ತುಟಿಗಳನ್ನು ಇಡೀ ಷೆಡ್ಡು ಓದಿತು. ಹಗ್ಗಕ್ಕೆ ಯಾರ ಕೈಯೂ ಎಟುಕಲಿಲ್ಲ. ಉದ್ದಕ್ಕ ಆ ತುದಿಯಿಂದ ಓಡಿಬಂದು ಎಗರಿ ಅದನ್ನು ಹಿಡಿದು ಜೋತುಬಿದ್ದಳು. ಯೂನಿಯನ್ ಹುಟ್ಟಿದ್ದು ಅಲ್ಲಿ, ಯಾವ ಭಾಷಣದಿಂದಲೂ ಅಲ್ಲ. ಹಗ್ಗ ಕೆಳಗಿಳಿಸಿ ಎಂಬುದೇ ಅವರ ಮೊದಲ ಬೇಡಿಕೆ, ಸಂಬಳದ ಮಾತು ಆಮೇಲಿನದು. ಹಗ್ಗ ಇನ್ನೂ ಮೇಲೆಯೇ ಇದೆ. ರೋಲರಿಗೆ ತೀರ ಹತ್ತಿರ ನಿಲ್ಲುವವಳು ತಾನೇ. ಉದ್ದಕ್ಕ ಹೋದರೆ ಆ ಹಗ್ಗ ಎಟುಕುವ ಕೈ ಷೆಡ್ಡಿನಲ್ಲಿ ಇನ್ನೊಂದಿಲ್ಲ. ಹೇಳಿದರೆ ಉದ್ದಕ್ಕ ಹೋಗುತ್ತಾಳೆ, ಹೇಳದಿದ್ದರೆ ತಾನು ಹೋಗುತ್ತೇನೆ, ಮನೆಯಲ್ಲಿ ದುಡಿಯುವ ಕೈ ತನ್ನದೊಂದೇ. ಈ ಲೆಕ್ಕವನ್ನು ಯಾವ ಕಡೆಯಿಂದ ಮಾಡಿದರೂ ಒಂದು ಕೈ ರೋಲರಿನೊಳಗೆ ಹೋಗುತ್ತಿತ್ತು.

ಷೆಡ್ಡಿನ ಬಾಗಿಲು ದಾಟಿದವಳು ಅಲ್ಲೇ ನಿಂತಳು. ಎಲ್ಲರೂ ಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದರು. ಹರಿದ ಬೆಡ್‌ಶೀಟಿನ ಬಿಳಿ ಪಟ್ಟಿಗಳು, ಮೂಗಿನಿಂದ ಗಲ್ಲದವರೆಗೆ. ಒಗೆಯುವ ಡ್ರಮ್ಮಿನ ಬಳಿ, ಹಿಂಡುವಲ್ಲಿ, ರೋಲರಿನ ಎರಡೂ ಕಡೆ, ಬರೀ ಕಣ್ಣುಗಳು. ಆ ಕಣ್ಣುಗಳೆಲ್ಲ ಒಮ್ಮೆ ಅವಳ ಕಡೆ ತಿರುಗಿ ಮತ್ತೆ ಬಟ್ಟೆಯ ಕಡೆ ಇಳಿದವು. ತಿಳಿದುಬಿಟ್ಟಿದೆ ಎಂದುಕೊಂಡಳು. ನನ್ನ ಜೊತೆ ಮಾತಾಡಬಾರದೆಂದೇ ಕಟ್ಟಿಕೊಂಡಿದ್ದಾರೆ. ಅಷ್ಟೂ ಜನ ಸೇರಿ ಬಾಯಿಗೆ ಬಾಗಿಲು ಹಾಕಿಕೊಂಡು ನನ್ನೊಬ್ಬಳನ್ನು ಹೊರಗೆ ನಿಲ್ಲಿಸಿದ್ದಾರೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಅವಳ ಕೈ ತಾನಾಗಿ ತುಟಿಗೆ ಹೋಯಿತು. ಹಿಂಡುವ ಯಂತ್ರದ ಹೆಂಗಸನ್ನು 'ಏನಿದು?' ಎಂದು ತುಟಿಯಲ್ಲಿ ಕೇಳಿದಳು. ಆ ಹೆಂಗಸು ಗಾಜಿನ ಕೋಣೆಯ ಕಡೆ ಹುಬ್ಬು ಹಾರಿಸಿ ತಲೆ ತಗ್ಗಿಸಿದಳು. ಅದರ ಅರ್ಥ 'ಅವನು ನೋಡುತ್ತಿದ್ದಾನೆ' ಎಂದೋ 'ನೀನು ಅಲ್ಲಿಯವಳು' ಎಂದೋ. ಹುಬ್ಬಿಗೆ ಅಕ್ಷರವಿಲ್ಲ. ಬಾಯಿ ಮುಚ್ಚಿದ ಷೆಡ್ಡು ಅವಳಿಗೆ ಮೊದಲ ಬಾರಿಗೆ ನಿಜವಾದ ಕಾರ್ಖಾನೆಯಂತೆ ಕಂಡಿತು, ಸದ್ದು ಮಾತ್ರ ಇದ್ದು ಜನರಿಲ್ಲದ ಜಾಗ. ಓಡಿಹೋಗಬೇಕೆನಿಸಿತು. ಕಾಲು ರೂಢಿಯಂತೆ ತನ್ನ ಜಾಗಕ್ಕೇ ನಡೆಯಿತು.

ಉದ್ದಕ್ಕ ಇದ್ದಳು. ಬಾಯಿಗೆ ಬಟ್ಟೆ, ಮೇಲೆ ಆ ಉದ್ದ ಮೂಗಿನ ಅರ್ಧ, ಕಣ್ಣು. ಇದ್ದಾಳೆ ಎಂಬ ನೆಮ್ಮದಿಗೆ ಇವಳ ಕಣ್ಣಲ್ಲಿ ನೀರು ಬಂತು. ಹಿಂದೆಯೇ, ಇದ್ದಾಳೆಂದರೆ ಇನ್ನೂ ತೆಗೆದಿಲ್ಲವೆಂದಷ್ಟೇ ಎಂಬುದೂ ಹೊಳೆಯಿತು. ರೋಲರಿನಿಂದ ಬಿಸಿ ಬೆಡ್‌ಶೀಟು ಹೊರಬಂತು. ಇಬ್ಬರೂ ತುದಿ ಹಿಡಿದರು, ಜಾಡಿಸಿದರು, ಮಡಚಿ ಬಿಗಿದರು, ಒಬ್ಬರ ಕಡೆ ಒಬ್ಬರು ನಡೆದು ಬಂದರು. ತುದಿಗೆ ತುದಿ ಸೇರಿಸುವಾಗ ಎತ್ತಿ ಹಿಡಿದ ಬಟ್ಟೆ ಗಾಜಿನ ಕೋಣೆಗೂ ಅವರಿಗೂ ನಡುವೆ ಒಂದು ಗೋಡೆಯಾಗುತ್ತದೆ, ಕಣ್ಣು ಮಿಟುಕಿಸುವಷ್ಟು ಹೊತ್ತು. ಆ ಹೊತ್ತಿನಲ್ಲಿ ಉದ್ದಕ್ಕ ಒಂದು ಬೆರಳಿನಿಂದ ಬಾಯಿಯ ಬಟ್ಟೆಯನ್ನು ಕೆಳಗೆ ಜಗ್ಗಿದಳು.

'ನಿನ್ನೆ ನಿನ್ನ ಬಾಯಲ್ಲಿ ನನ್ನ ಹೆಸರು ನೋಡ್ದೆ.'

ಬಟ್ಟೆ ಮೇಲೇರಿತು. ಉದ್ದಕ್ಕ ಹಿಂದೆ ಸರಿದು ಮುಂದಿನ ಬೆಡ್‌ಶೀಟಿನ ತುದಿ ಹಿಡಿದಳು. ಇವಳ ಕೈಯಿಂದ ತುದಿ ಜಾರಿ ನೆಲಕ್ಕೆ ಬಿತ್ತು, ಎತ್ತಿಕೊಂಡಳು, ಮತ್ತೆ ಜಾರಿತು. ಬೆರಳುಗಳು ತನ್ನವೆನಿಸಲಿಲ್ಲ. ಜಾಡಿಸಿ, ಬಿಗಿದು, ನಡೆದು ಹತ್ತಿರ ಬಂದರು. 'ಅವನು?' ಎಂದಳು. 'ಅವನು ಬೆನ್ನು ಮಾಡಿ ಫೋನಲ್ಲಿದ್ದ. ನೋಡ್ಲಿಲ್ಲ. ನೋಡಿದ್ದು ನಾನೊಬ್ಳೇ.' ಮುಂದಿನ ಬೆಡ್‌ಶೀಟು. ಅಷ್ಟು ದೂರ ನಡೆಯುವಾಗ ಅವಳಿಗೆ ಆ ಫೋನು ನೆನಪಾಯಿತು. ಅದು ಗುಂಯ್‌ಗುಟ್ಟಿದ್ದು, ಅವನು 'ಹೂಂ ಸಾರ್, ಹೂಂ ಸಾರ್' ಎನ್ನುತ್ತ ಗೋಡೆಯ ಕಡೆ ತಿರುಗಿದ್ದು. ರಾತ್ರಿಯಿಂದ ಯಾರಿಗೆ ಹೆದರಬೇಕೋ ಅವರಿಗೆ ಹೆದರಿರಲಿಲ್ಲ. ಕೇಳಬಾರದವನು ಕೇಳಿಸಿಕೊಂಡಿರಲಿಲ್ಲ. ಆ ಹೆಸರಿನವಳೇ ಗಾಜಿನ ಈ ಕಡೆಯಿಂದ, ಕೈಯಲ್ಲಿ ಬೆಡ್‌ಶೀಟಿನ ತುದಿ ಹಿಡಿದುಕೊಂಡು, ತನ್ನ ಹೆಸರು ಜೋಡಿಯ ಬಾಯಿಂದ ಹೊರಬೀಳುವುದನ್ನು ನೋಡುತ್ತ ನಿಂತಿದ್ದಳು. ಇವಳಿಗೆ ನೆಲ ಬಿರಿದು ನುಂಗಬಾರದೇ ಎನಿಸಿತು. 'ಬೇಕು ಅಂತ ಅಂದಿದ್ದಲ್ಲ ಅಕ್ಕ' ಎಂದಳು, ಮುಖಕ್ಕೆ ಮುಖ ಬಂದಾಗ. 'ಗೊತ್ತು.' ಇನ್ನೊಂದು ಬೆಡ್‌ಶೀಟು. 'ಆದ್ರೂ ಅಂದೆ.' ಇನ್ನೊಂದು. 'ಇವರಿಗೆಲ್ಲ ಹೇಳಿದ್ದೀಯಾ?' 'ಗಾಜಿನೊಳಗೆ ಹೋದೋರ ತುಟಿ ಕಾಣುತ್ತೆ, ಎಲ್ರೂ ಕಟ್ಕೊಳ್ಳಿ ಅಂದೆ. ಯಾರ ತುಟಿ ಅಂತ ಹೇಳ್ಲಿಲ್ಲ.' ಆಮೇಲಿನ ಬೆಡ್‌ಶೀಟುಗಳಲ್ಲಿ ಉದ್ದಕ್ಕ ಬಟ್ಟೆ ಕೆಳಗಿಳಿಸಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೆನ್ನೆಗೆ ಬಾರಿಸಿದ್ದರೆ ಇನ್ನೂ ಚೆನ್ನಾಗಿತ್ತು. ಅವಳು ಮೊಣಕಾಲು ಬಗ್ಗಿಸಿದಳು ಅಷ್ಟೇ, ಎಂದಿನಂತೆ, ಇವಳ ಎತ್ತರಕ್ಕೆ.

ಬಟ್ಟೆಯ ರಾಶಿ ಗಾಡಿಗೆ ತುಂಬಿ, ಹೊಸದು ಬರುವ ನಡುವಿನ ಬಿಡುವಿನಲ್ಲಿ ಉದ್ದಕ್ಕ ಸೊಂಟದಿಂದ ಒಂದು ಬಿಳಿ ಪಟ್ಟಿ ಎಳೆದು ತಿರುಗು ಎಂದು ಬೆರಳಾಡಿಸಿದಳು. ಅವಳು ತಿರುಗಿದಳು. ಪಟ್ಟಿ ಮೂಗಿನ ಮೇಲೆ ಒಂದು ಸುತ್ತು ಬಂತು, ಗಲ್ಲದ ಕೆಳಗೆ ಒಂದು ಸುತ್ತು, ಹಿಂದೆ ಕತ್ತಿನ ಬಳಿ ಗಂಟು ಬಿತ್ತು. ಬಿಗಿಯಾಗಿತ್ತು. ಸಣ್ಣವಳಿದ್ದಾಗ ಜಡೆ ಹೆಣೆಯುವ ಅಮ್ಮನ ಕೈಯೂ ಹೀಗೇ ತಲೆಯನ್ನು ಹಿಂದಕ್ಕೆ ಜಗ್ಗುತ್ತಿತ್ತು. ಬಟ್ಟೆಗೆ ಸೋಪಿನ ವಾಸನೆ ಇತ್ತು, ಅದರಡಿಯಲ್ಲಿ ಎಷ್ಟು ಒಗೆದರೂ ಹೋಗದ ಆಸ್ಪತ್ರೆಯ ವಾಸನೆ. ನನಗೂ ಒಂದು ಪಟ್ಟಿ ಎತ್ತಿಟ್ಟಿದ್ದಳು ಎಂದುಕೊಂಡಳು. ಆ ಒಂದು ಮಾತಿಗೆ ಎದೆಯೊಳಗೆ ಏನೋ ಕರಗಿತು. ಷೆಡ್ಡಿನ ಕಣ್ಣುಗಳು ಈಗ ಬೇರೆಯಾಗಿ ಕಂಡವು. ಹಿಂಡುವ ಯಂತ್ರದ ಹೆಂಗಸು ಹುಬ್ಬು ಹಾರಿಸಿದಾಗ ಅದು ಸ್ಪಷ್ಟವಾಗಿ 'ಚೆನ್ನಾಗಿ ಕಾಣ್ತೀಯ ಬಿಡು' ಎಂಬ ಕೀಟಲೆಯಾಗಿತ್ತು. ಅಷ್ಟರಲ್ಲಿ ಗಾಜಿನ ಮೇಲೆ ಪೆನ್ನು ಬಡಿಯುವುದು ಕಂಡಿತು. ಗರಿಗರಿ ಅವಳತ್ತ ಬೆರಳು ತೋರಿಸಿ ಬಾ ಎಂದ.

ಒಳಗೆ ಬಾಗಿಲು ಮುಚ್ಚಿದರೆ ಕಿವಿಗೆ ಹತ್ತಿ ತುರುಕಿದಂತೆ ನಿಶ್ಶಬ್ದ. ಅದೇ ಕುರ್ಚಿ. ಈ ಸಲ ಟೀ ಇರಲಿಲ್ಲ. "ಏನಮ್ಮ ಇದು ವೇಷ?" ಎಂದ. "ದೂಳು ಸಾರ್." "ಇಷ್ಟು ವರ್ಷ ಇಲ್ಲದ ದೂಳು ಇವತ್ತು ಹುಟ್ಟಿತಾ? ಅದೂ ಎಲ್ಲರಿಗೂ ಒಟ್ಟಿಗೆ?" ಅವನು ಕೂಗಲಿಲ್ಲ. ಅವನ ಅಂಗಿಯ ಕಂಕುಳಲ್ಲಿ ಬೆವರಿನ ಕಲೆ ಇದ್ದದ್ದನ್ನು ಅವಳು ಮೊದಲ ಸಲ ನೋಡಿದಳು. "ನೋಡು, ಸಂಜೆಯೊಳಗೆ ನಾನು ಮೇಲಿನೋರಿಗೆ ಒಂದು ಹೆಸರು ಕೊಡ್ಬೇಕು. ಇಲ್ಲ ಅಂದ್ರೆ ನನ್ನ ಹೆಸರೇ ಹೊಡೀತಾರೆ. ಒಂದು ಹೆಸರು. ನಾಳೆಯಿಂದ ಪ್ಯಾಕಿಂಗ್ ಕೋಣೆ ನಿಂದು. ಹೇಳ್ಲಿಲ್ವೋ, ನಾಳೆಯಿಂದ ನೀನು ಬರೋದೇ ಬೇಡ. ಮೊದ್ಲು ಆ ಬಟ್ಟೆ ತೆಗಿ, ಮುಖ ನೋಡಿ ಮಾತಾಡೋಣ."

ನಾಳೆಯಿಂದ ಬರುವುದೇ ಬೇಡ. ಗಂಜಿ ಕುಡಿಯುವ ಗಂಡನ ಮುಖ ಬಂತು, ಬಿಸಿಲಿಗೆ ಕುರ್ಚಿ ಎಳೆದುಕೊಳ್ಳುವ ಅತ್ತೆ ಬಂದರು. ಧೈರ್ಯ ಬರಬಹುದು ಎಂದು ಒಂದು ಗಳಿಗೆ ಕಾದಳು. ಬೆಳಗಿನಿಂದ ಇಷ್ಟೆಲ್ಲ ಆದ ಮೇಲೆ, ಉದ್ದಕ್ಕ ಹಾಗೆ ನಡೆದುಕೊಂಡ ಮೇಲೆ, ಬರಬೇಕಿತ್ತು. ಬರಲಿಲ್ಲ. ಬಂದದ್ದು ಅದೇ ಹಳೆಯ ಭಯ. ಅವಳ ಎರಡೂ ಕೈ ಕತ್ತಿನ ಹಿಂದೆ ಗಂಟಿಗೆ ಹೋದವು. ತೆಗೆದುಬಿಡುತ್ತಿದ್ದಳು. ತೆಗೆದು, ಹೇಳಿಯೂ ಬಿಡುತ್ತಿದ್ದಳೇನೋ. ಆದರೆ ಬೆರಳಿಗೆ ಸಿಕ್ಕ ಗಂಟು ಬಿಚ್ಚುವ ಗಂಟಾಗಿರಲಿಲ್ಲ. ಎಡಕ್ಕೆ ಎಳೆದಳು, ಬಲಕ್ಕೆ ಎಳೆದಳು. ಕೆಳಗೆ ಜಾರಿಸೋಣವೆಂದರೆ ಗಲ್ಲದ ಕೆಳಗಿನ ಸುತ್ತು ಬಿಡಲಿಲ್ಲ. ಆಗ ಬೆರಳುಗಳಿಗೇ ಮೊದಲು ತಿಳಿಯಿತು. ಮೂಟೆಗಂಟು. ಕೊಳೆ ಬಟ್ಟೆಯ ಮೂಟೆಗಳು ಡ್ರಮ್ಮಿನ ನೀರಿನಲ್ಲಿ ಬಿಚ್ಚಿಹೋಗದಿರಲೆಂದು ಹಾಕುವ ಗಂಟು. ಒದ್ದೆಯಾದಷ್ಟೂ ಬಿಗಿಯುತ್ತದೆ. ಒಬ್ಬರಿಂದ ಬಿಚ್ಚಲಾಗದು, ಒಬ್ಬರು ಎರಡೂ ಎಳೆಯನ್ನು ಒಳಕ್ಕೆ ದೂಡಿ ಹಿಡಿದರೆ ಇನ್ನೊಬ್ಬರು ನಡುವೆ ಬೆರಳು ತೂರಿಸಬೇಕು.

ನಂಬಿಕೆ ಇದ್ದಿದ್ದರೆ ಉದ್ದಕ್ಕ ಸಾದಾ ಗಂಟು ಹಾಕುತ್ತಿದ್ದಳು. ಬೇರೆ ಎಲ್ಲರಿಗೂ ಸಾದಾ ಗಂಟೇ ಇರಬೇಕು, ಉದ್ದಕ್ಕನ ಬಟ್ಟೆಯೇ ಒಂದು ಬೆರಳಿಗೆ ಜಗ್ಗಿ ಕೆಳಗೆ ಬರಲಿಲ್ಲವೇ. ಇದು ತನಗೊಬ್ಬಳಿಗೇ ಹಾಕಿದ್ದು. ಉದ್ದಕ್ಕನಿಗೆ ಗೊತ್ತಿತ್ತು. ಇವಳನ್ನು ಮತ್ತೆ ಕರೆಯುತ್ತಾರೆಂದು ಗೊತ್ತಿತ್ತು, ಕರೆದರೆ ಇವಳು ಹೇಳಿಬಿಡುತ್ತಾಳೆಂದೂ ಗೊತ್ತಿತ್ತು. ಅವಮಾನದಿಂದ ಇವಳ ಕಣ್ಣು ಉರಿಯಿತು. ಅದರ ಜೊತೆಗೇ, ನಾಚಿಕೆಯಾಗುವಷ್ಟು, ಹಾಯೆನಿಸಿತು.

"ಬರ್ತಾ ಇಲ್ಲ ಸಾರ್" ಎಂದಳು. ಅದು ಆ ಕೋಣೆಯಲ್ಲಿ ಅವಳಾಡಿದ ಮೊದಲ ಪೂರ್ತಿ ನಿಜ. "ಏನು ಬರ್ತಾ ಇಲ್ಲ?" ಅವನು ಎದ್ದು ಅವಳ ಹಿಂದೆ ಬಂದ, ಬಗ್ಗಿ ನೋಡಿದ, ಉಸಿರು ಎಳೆದುಕೊಂಡ. "ಮೂಟೆಗಂಟು ಹಾಕಿದ್ದಾರಲ್ಲ!" ಎಂದ, ದನಿಯಲ್ಲಿ ಒಂದು ಕ್ಷಣ ಹಳೆಯ ಕೆಲಸಗಾರನಿಗೆ ಒಳ್ಳೆಯ ಕೆಲಸ ಕಂಡಾಗಿನ ಮೆಚ್ಚಿಕೆ ಇತ್ತು. ಅವನ ಕೈ ಅವಳ ಕತ್ತಿನ ಹತ್ತಿರ ಬಂದದ್ದು ಅವಳಿಗೆ ಗೊತ್ತಾಯಿತು. ಅಲ್ಲೇ ನಿಂತಿತು. ಗಾಜಿನಾಚೆ ಬಿಳಿ ಪಟ್ಟಿಗಳ ಮೇಲಿನ ಕಣ್ಣುಗಳೆಲ್ಲ ಈ ಕಡೆಗೇ ಇದ್ದವು. ಹೆಂಗಸೊಬ್ಬಳ ಕತ್ತಿನ ಮೇಲೆ ಕೈಯಿಡಲು ಹೊರಟ ಗಂಡಸನ್ನು ಷೆಡ್ಡಿಗೆ ಷೆಡ್ಡೇ ನೋಡುತ್ತಿತ್ತು. ಮೇಜಿನ ಮೇಲೆ ಕತ್ತರಿ ಇತ್ತು. ಅವನು ಅದನ್ನು ಎತ್ತಿಕೊಂಡ. ಆಚೆಯವರೂ ಅದನ್ನು ನೋಡಿದರು, ರೋಲರಿನ ಬಳಿ ಉದ್ದಕ್ಕ ಕೈಯಲ್ಲಿದ್ದ ಬಟ್ಟೆಯನ್ನು ನೆಲಕ್ಕೆ ಬಿಟ್ಟು ತಲೆಯೆತ್ತಿ ಯಂತ್ರ ನಿಲ್ಲಿಸುವ ಹಗ್ಗದ ಕೆಳಗೆ ಬಂದು ನಿಂತಳು. ಅವನು ಕತ್ತರಿಯನ್ನು ಡ್ರಾಯರಿಗೆ ಹಾಕಿ ಮುಚ್ಚಿದ. ಆಮೇಲೆ ಗಾಜು ಬಡಿದು ಹಿಂಡುವ ಯಂತ್ರದ ಹೆಂಗಸನ್ನು ಬಾ ಎಂದು ಕರೆದ. ಅವಳು ಅತ್ತಿತ್ತ ನೋಡಿ, ತನ್ನನ್ನಲ್ಲ ಎಂಬಂತೆ ಬಟ್ಟೆ ಹಿಂಡಿದಳು. ಇನ್ನೊಬ್ಬಳನ್ನು ಕರೆದ. ಮತ್ತೊಬ್ಬಳನ್ನು ಕರೆದ. ಅವನ ತುಟಿ 'ಬನ್ನಿ, ಯಾರಾದ್ರೂ ಬನ್ನಿ' ಎಂದು ಅಷ್ಟು ಸ್ಪಷ್ಟವಾಗಿ ಅಂದಿತು. ಎಲ್ಲರೂ ಓದಿದರು. ಯಾರೂ ಜಾಗ ಬಿಟ್ಟು ಕದಲಲಿಲ್ಲ.

ಅವನು ಬಂದು ಅವಳ ಎದುರು ಮೇಜಿನ ಅಂಚಿನಲ್ಲಿ ಕೂತ. ಅಂಗಿಯ ಮಡಿಕೆಗಳು ಕುಸಿದಿದ್ದವು. ಅವನಿಗೂ ಭಯವಾಗಿದೆ ಎಂದು ಅವಳಿಗೆ ತಿಳಿಯಿತು. ತಿಳಿದರೂ ಅವಳ ಭಯ ಒಂದು ಗುಂಜಿಯಷ್ಟೂ ಇಳಿಯಲಿಲ್ಲ.

"ಯಾರಮ್ಮ ಇದನ್ನ ಕಟ್ಟಿದ್ದು?" ಎಂದು ಸಣ್ಣಗೆ ಕೇಳಿದ.

ಬಟ್ಟೆಯೊಳಗೆ ಅವಳ ತುಟಿ ಕೂಡಲೇ ದನಿಯಿಲ್ಲದೆ ಉತ್ತರ ಹೇಳಿತು. ನಿನ್ನೆ ಹೇಳಿದ ಅದೇ ಹೆಸರು, ಪೂರ್ತಿಯಾಗಿ, ಸ್ಪಷ್ಟವಾಗಿ. ಮತ್ತೆ ಹೇಳಿತು. ಅವನು ಅವಳ ಮುಖವನ್ನೇ ನೆಟ್ಟ ನೋಟದಿಂದ ನೋಡುತ್ತಿದ್ದ, ಅಲ್ಲಿ ಒಂದು ಬಿಳಿ ಪಟ್ಟಿ ಇತ್ತು. ಅವಳು ತಡೆಯಲು ನೋಡಿದಳು, ಆಗಲಿಲ್ಲ. ಉಸಿರಿಗೆ ಬಟ್ಟೆ ಒದ್ದೆಯಾಗತೊಡಗಿತು, ಹಿಂದೆ ಕತ್ತಿನ ಬಳಿ ಗಂಟು ಇನ್ನಷ್ಟು ಬಿಗಿಯಿತು.